ಇತರೆ ವಿಷಯ: ಇಲ್ಲ

ಕೋಲಾರ ಜಿಲ್ಲೆಯ ಬೂದಿಕೋಟೆ ಕಡೆಯ ಒಂದು ಊರು. ದೇವಸ್ಥಾನದ ಜಗಲಿಯ ಮೇಲೆ ಮಹಿಳಾ ಸಂಘದ ವಾರದ ಸಭೆ. ಮೂರು ಗಂಟೆಗೆ ಶುರುವಾದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಯಲೇಬೇಕು. ಚಾಪೆ, ಚಾಪೆಯ ನಡುವೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಡಾವಳಿ ಪುಸ್ತಕ. ಉಳಿತಾಯದ ದುಡ್ಡು ಎಣಿಸಿದ್ದಾಯಿತು, ಒಳಸಾಲದ ಕಂತು ಬರೆದದ್ದಾಯಿತು. ಎಲ್ಲರೂ ಎದ್ದರೂ ಒಬ್ಬಾಕೆ ಏಳಲಿಲ್ಲ. ಪಕ್ಕದಲ್ಲಿದ್ದ ಹಿರಿಯಾಕೆ ತೆಲುಗಿನಲ್ಲಿ ಏನೋ ಕೇಳಿದರು. ‘ಯಾಕಮ್ಮ ಹಿಂಗಾಗಿದ್ದೀಯ’ ಎಂದಷ್ಟೇ ಅದರ ಅರ್ಥ. ಅಷ್ಟಕ್ಕೆ ಆಕೆ ಅರ್ಧ ಗಂಟೆ ಮಾತಾಡಿದಳು. ರಾತ್ರಿ ನಿದ್ದೆ ಹತ್ತಲ್ಲ, ಬೆಂಗಳೂರಿಗೆ ಹೋದ ಗಂಡ ಮನೆ ಸೇರುವಾಗ ಹತ್ತು ಗಂಟೆ, ಬಂದರೂ ಮಾತಿಲ್ಲ, ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ, ಒಬ್ಬಳೇ ತೋಟದ ಕಡೆ ಹೋಗಲು ಗಾಬರಿ. ಎದ್ದಿದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು. ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬರು ಎಲೆಅಡಿಕೆ ಚೀಲವನ್ನು ಆಕೆಯ ಮುಂದಕ್ಕೆ ತಳ್ಳಿದರು. ಇನ್ನೊಬ್ಬರು, ‘ಇವತ್ತು ರಾತ್ರಿ ನಮ್ಮನೇಗೆ ಬಂದು ಮಲಕ್ಕೊ’ ಅಂದರು.

ಪುಸ್ತಕ ಬರೆಯುವ ಹುಡುಗಿ ಆ ದಿನದ ನಡಾವಳಿಯ ಕೊನೆಯ ಕಲಂ ತುಂಬಿದ್ದು ಹೀಗೆ: ‘ಇತರೆ ವಿಷಯ: ಇಲ್ಲ.’

ಹುಡುಗಿಯದು ತಪ್ಪೇನಿಲ್ಲ. ಆ ಅರ್ಧ ಗಂಟೆಯನ್ನು ಬರೆಯಲು ಯಾವ ಪುಸ್ತಕದಲ್ಲೂ ಕಲಂ ಇಲ್ಲ. ಆದರೆ ಜಗತ್ತು ಈಗ ತಲೆ ಕೆಡಿಸಿಕೊಂಡಿರುವುದು ಆ ಅರ್ಧ ಗಂಟೆಯ ಬಗ್ಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್ ಕೊನೆಗೆ ಕೊಟ್ಟ ವರದಿಯಂತೆ ಭೂಮಿಯ ಮೇಲಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8.71 ಲಕ್ಷ ಸಾವುಗಳಿಗೆ ಅದರ ನಂಟಿದೆ. ಬ್ರಿಟನ್ 2018ರಲ್ಲೇ ಒಂಟಿತನದ ಖಾತೆಯನ್ನು ಒಬ್ಬ ಸಚಿವರಿಗೆ ವಹಿಸಿತು. ನಮ್ಮಲ್ಲಿ 2022ರ ಅಕ್ಟೋಬರ್‌ನಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಬಂತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ ‘ಮನೋಚೈತನ್ಯ’ ರೂಪಿಸಿತು. ಎಲ್ಲವೂ ಬೇಕಾದವೇ. ಆದರೆ ಇವುಗಳ ಬಾಗಿಲು ತಟ್ಟುವ ಮೊದಲು ಆ ಹೆಂಗಸು ‘ನನಗೆ ಮನಸ್ಸಿನ ಕಾಯಿಲೆ’ ಎಂದು ತನಗೆ ತಾನೇ ಒಪ್ಪಿಕೊಳ್ಳಬೇಕು. ಆಮೇಲೆ ಮಂಗಳವಾರದ ಆ ಸಾಲಿನಲ್ಲಿ ನಾಲ್ಕು ಜನ ನೋಡುವಂತೆ ನಿಲ್ಲಬೇಕು.

ಕೋಲಾರದ ಕಡೆ ಮನಸ್ಸಿನ ಕಾಯಿಲೆ ಎಂಬ ಮಾತನ್ನು ಹೊತ್ತುಕೊಂಡು ಬರುವವರು ಕಡಿಮೆ. ಒಂಟಿತನ ಎನ್ನುವ ಪದ ಕಥೆ ಕಾದಂಬರಿಯಲ್ಲಿ ಓದಿದ್ದಷ್ಟೆ. ಜನ ಹೇಳುವುದು ಸುಸ್ತು, ತಲೆನೋವು, ಗಾಬರಿ. ಹೆಚ್ಚೆಂದರೆ ‘ಯೋಚನೆ ಜಾಸ್ತಿ ಆಗೈತೆ’. ಜಿಂಬಾಬ್ವೆಯ ಶೋನಾ ಭಾಷೆಯಲ್ಲೂ ಇದೇ ಮಾತಿದೆ. ಅವರು ಖಿನ್ನತೆಗೆ ‘ಕುಫುಂಗಿಸಿಸಾ’ ಎನ್ನುತ್ತಾರೆ, ಎಂದರೆ ಅತಿಯಾಗಿ ಯೋಚಿಸುವುದು. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರ ಸುಮಾರಿಗೆ ಹರಾರೆಯ ಆಸ್ಪತ್ರೆಗಳ ಹೊರಗೆ ಮರದ ಬೆಂಚು ಹಾಕಿಸಿ, ತರಬೇತಿ ಪಡೆದ ಅಜ್ಜಿಯರನ್ನು ಕೂರಿಸಿದರು. ಅಜ್ಜಿಯರ ಜೊತೆ ಮಾತಾಡಿದವರ ಖಿನ್ನತೆ ಮಾಮೂಲಿ ಆರೈಕೆ ಪಡೆದವರಿಗಿಂತ ಹೆಚ್ಚು ಇಳಿದದ್ದನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನನ್ನ ಮಟ್ಟಿಗೆ ಅಜ್ಜಿಯಷ್ಟೇ ಮುಖ್ಯವಾದದ್ದು ಬೆಂಚು. ಅದು ಒಳಗಿನ ಕೊಠಡಿಯಲ್ಲಿಲ್ಲ, ಮರದ ಕೆಳಗಿದೆ. ಅಲ್ಲಿ ಕೂತವರು ಯಾತಕ್ಕೆ ಕೂತಿದ್ದಾರೆಂದು ದಾರಿಹೋಕರು ಕೇಳುವುದಿಲ್ಲ.

ಬೂದಿಕೋಟೆಯ ಚಾಪೆಯದೂ ಅದೇ ಗುಣ. ಆಕೆ ಬಂದದ್ದು ಕಂತು ಕಟ್ಟಲು. ದುಃಖ ಕಂತಿನ ಹಿಂದೆಯೇ ಬಂತು.

ಈ ಚಾಪೆಗೆ ಇಲ್ಲೇ ಹತ್ತಿರದ ಇತಿಹಾಸವಿದೆ. ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರು ಎಂದು ಬರೆದು ಮುಗಿಸುವುದು ನಮ್ಮ ರೂಢಿ. ಅದೇ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಕೆಲಸ ಮಾಡುತ್ತಿತ್ತು. 1984–85ರಲ್ಲಿ ಮೈರಾಡದ ದೊಡ್ಡ ಸಹಕಾರ ಸಂಘಗಳು ಮುಖಂಡರ ಮೇಲಿನ ನಂಬಿಕೆ ಕಳೆದುಕೊಂಡು ಒಡೆದವು. ಆಗ ಜನ ತಮ್ಮಷ್ಟಕ್ಕೆ ಸಣ್ಣ ಸಣ್ಣ ಗುಂಪುಗಳಾದರು. ದೊಡ್ಡ ಸಂಘವನ್ನು ಬಿಟ್ಟು ಇಷ್ಟೇ ಜನ ಯಾಕೆ ಕೂಡಿದಿರಿ ಎಂದರೆ ಬಂದ ಉತ್ತರಗಳ ಸಾರ ಒಂದೇ: ನಮಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದೆ. ಸಂಸ್ಥೆ ಅದಕ್ಕೆ ‘ಅಫಿನಿಟಿ’ ಎಂದು ಹೆಸರಿಟ್ಟಿತು. ಕನ್ನಡದಲ್ಲಿ ಒಡನಾಟ ಅನ್ನೋಣ. 1987ರಲ್ಲಿ ಈ ಪ್ರಯೋಗಕ್ಕೆ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು, 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಒಡನಾಟ ಮೊದಲು ಹುಟ್ಟಿತು, ಸಾಲ ಆಮೇಲೆ ಬಂತು ಎಂಬ ಅನುಕ್ರಮ ಈ ಬೆಳವಣಿಗೆಯಲ್ಲಿ ಎಲ್ಲೋ ಮರೆತುಹೋಯಿತು.

ಬೂದಿಕೋಟೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ರೇಡಿಯೊ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದರೂ ಹಳ್ಳಿಯ ಸಂಘ ಸಂಸ್ಥೆಗಳಿಗೆ ಪ್ರಸಾರದ ಅವಕಾಶ ಸಿಕ್ಕಿದ್ದು 2006ರ ನೀತಿಯಲ್ಲಿ. ಅಷ್ಟು ದಿನ ಕಾಯಲು ಊರಿನವರು ತಯಾರಿರಲಿಲ್ಲ. ಮೈರಾಡ, ಬೆಂಗಳೂರಿನ ವಾಯ್ಸಸ್ ಸಂಸ್ಥೆ ಮತ್ತು ಯುನೆಸ್ಕೊ ನೆರವಿನಲ್ಲಿ ‘ನಮ್ಮ ಧ್ವನಿ’ ಎಂಬ ಊರಿನ ರೇಡಿಯೊ ಶುರುವಾಯಿತು. ಮೊದಮೊದಲು ಕ್ಯಾಸೆಟ್ಟಿಗೆ ಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. 2003ರಲ್ಲಿ ಟಿ.ವಿ. ಕೇಬಲ್ಲಿನ ತಂತಿಗೇ ಧ್ವನಿ ಹರಿಸಿ ಮನೆಮನೆಗೆ ಮುಟ್ಟಿಸಿದರು. ಧಾರಾವಾಹಿ ಬರುವ ಪೆಟ್ಟಿಗೆಯೊಳಗಿಂದ ಪಕ್ಕದ ಬೀದಿಯ ಹೆಂಗಸಿನ ದನಿ, ಅದೂ ಆಕೆಯದೇ ಧಾಟಿಯಲ್ಲಿ. ಕಷ್ಟ ನನ್ನೊಬ್ಬಳದೇ ಅಲ್ಲ ಎನ್ನುವುದು ಉಪದೇಶದಿಂದ ತಿಳಿಯುವಂಥದ್ದಲ್ಲ. ಇನ್ನೊಬ್ಬಳ ಬಾಯಲ್ಲಿ ಕೇಳಿದಾಗ ತಾನಾಗಿ ತಿಳಿಯುತ್ತದೆ.

ಭಾಷೆಯ ಮಾತೂ ಇಲ್ಲಿ ಸಣ್ಣದಲ್ಲ. ಆಂಧ್ರ, ತಮಿಳುನಾಡು ಎರಡರ ಗಡಿಯೂ ಸಮೀಪವಿರುವ ಈ ಸೀಮೆಯಲ್ಲಿ ಅರ್ಜಿ ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ, ಕೆಜಿಎಫ್ ಕಡೆ ಹೋದರೆ ತಮಿಳಿನಲ್ಲಿ, ಎಷ್ಟೋ ಮನೆಗಳಲ್ಲಿ ಉರ್ದುವಿನಲ್ಲಿ. ಭಯ ಮಾತ್ರ ಮನೆಮಾತಿನಲ್ಲೇ ಬಾಯಿಗೆ ಬರುತ್ತದೆ. ಟೆಲಿ ಮಾನಸ್‌ನಲ್ಲಿ ಭಾಷೆ ಆರಿಸಿಕೊಳ್ಳಬಹುದು ಎಂಬ ಸಂಗತಿಯನ್ನೇ ಬಂಗಾರಪೇಟೆಯ ಆಸ್ಪತ್ರೆ ಗೋಡೆಗಳ ಮೇಲೆ ನಾಲ್ಕು ಲಿಪಿಗಳಲ್ಲಿ ಬರೆಸಿದರೆ ಆಗುವ ಖರ್ಚೆಷ್ಟು?

ಸಂಘವನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲಿಗೆ, ಜಗಲಿ ಎಂದೆನಲ್ಲ, ಆ ಜಗಲಿಯನ್ನು ಎಲ್ಲರೂ ಹತ್ತುವುದಿಲ್ಲ. ಒಡನಾಟ ಎಷ್ಟೋ ಸಲ ಜಾತಿಯ ಮತ್ತೊಂದು ಹೆಸರು. ಕಾಲೊನಿಯ ಸಂಘ ಬೇರೆ, ಊರೊಳಗಿನದು ಬೇರೆ. ಎರಡನೆಯ ಮಾತು ಇನ್ನೂ ಕಹಿ. ಇಂಥದೇ ಹತ್ತು ಹೆಂಗಸರ ವೃತ್ತವನ್ನು ಮೈಕ್ರೊಫೈನಾನ್ಸ್ ಕಂಪನಿಗಳೂ ಕಟ್ಟಿದವು. ಒಬ್ಬಳು ಕಂತು ತಪ್ಪಿಸಿದರೆ ಮಿಕ್ಕವರು ಕಟ್ಟಬೇಕು. ಆಗ ಪಕ್ಕದ ಮನೆಯವಳು ಗೆಳತಿಯಾಗಿ ಉಳಿಯುವುದಿಲ್ಲ, ವಸೂಲಿಗೆ ಬಂದವಳಾಗುತ್ತಾಳೆ. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಸಾಲಗಾರ ಮಹಿಳೆಯರು ಗುಂಪುಗುಂಪಾಗಿ ಕಂತು ನಿಲ್ಲಿಸಿದ್ದು ದೇಶದ ಗಮನ ಸೆಳೆದಿತ್ತು. ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರುವರಿಯಲ್ಲಿ, ಹದಿನಾರು ವರ್ಷ ತಡವಾಗಿ. ಅದೇ ಚಾಪೆ, ಅದೇ ಹತ್ತು ಜನ. ಒಂದು ಕಡೆ ಧೈರ್ಯ ಹುಟ್ಟುತ್ತದೆ, ಇನ್ನೊಂದು ಕಡೆ ಕದ ಹಾಕಿಕೊಂಡು ಒಳಗೆ ಕೂರುವ ಭಯ. ವ್ಯತ್ಯಾಸ ಇಷ್ಟೇ: ಸಂಘದಲ್ಲಿ ಕಂತು ಮುಂದೂಡುವ ಅಧಿಕಾರ ಕೂತವರ ಕೈಯಲ್ಲಿದೆ, ಕಂಪನಿಯ ಗುಂಪಿನಲ್ಲಿ ಇಲ್ಲ.

ಗಂಡಸರಿಗೆ ಆ ಚಾಪೆಯೂ ಇಲ್ಲ. ಕೆಜಿಎಫ್‌ನಲ್ಲಿ ಒಂದು ಕಾಲಕ್ಕೆ ಬೇರೊಂದು ಒಡನಾಟವಿತ್ತು. ಮೂರು ಕಿಲೊಮೀಟರಿಗೂ ಆಳದ ಚಿನ್ನದ ಗಣಿಯಲ್ಲಿ, ಬಂಡೆ ಯಾವಾಗ ಸಿಡಿಯುತ್ತದೋ ಗೊತ್ತಿಲ್ಲದ ಕತ್ತಲಲ್ಲಿ, ಒಂದೇ ಪಾಳಿಯವರು ಒಬ್ಬರ ಜೀವಕ್ಕೆ ಇನ್ನೊಬ್ಬರು ಜಾಮೀನು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೂಲಿ ಹೋದದ್ದನ್ನೂ, ಪರಿಹಾರ ಸಾಲದೆ ಹೋದದ್ದನ್ನೂ ಪತ್ರಿಕೆಗಳು ಬರೆದವು. ಪಾಳಿ ಚದುರಿದ್ದನ್ನು ಯಾರೂ ಲೆಕ್ಕ ಹಾಕಲಿಲ್ಲ. ಈಗ ಅವರ ಮಕ್ಕಳು ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ರೈಲಿನ ಬೋಗಿಯೇ ಅವರ ಸಂಘ. ದಿನಾ ಅದೇ ಬೋಗಿ, ಅದೇ ಮೂಲೆ, ಮೊಣಕಾಲಿನ ಮೇಲೆ ಟವೆಲ್ ಹಾಸಿ ಇಸ್ಪೀಟು. ಒಬ್ಬ ಎರಡು ದಿನ ಕಾಣದಿದ್ದರೆ ಫೋನು ಹೋಗುತ್ತದೆ. ಹಾಗೆ ಫೋನು ಮಾಡುವವರೇ ಇಲ್ಲದ ಗಂಡಸರು ಎಷ್ಟು? 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ. ಹತ್ತರಲ್ಲಿ ಏಳು ಗಂಡಸರು. ಕರ್ನಾಟಕದ ಪಾಲು 13,606.

ಹಾಗಾದರೆ ಮಾಡುವುದೇನು? ಪ್ರತಿ ಹಳ್ಳಿಗೆ ಆಪ್ತ ಸಮಾಲೋಚಕರನ್ನು ನೇಮಿಸಿ ಎಂದು ಬರೆಯುವುದು ಸುಲಭ, ಆಗುವ ಕೆಲಸವಲ್ಲ. ಇರುವ ಚಾಪೆಯನ್ನು ಸುತ್ತಿಡದಿದ್ದರೆ ಸಾಕು ಎನ್ನುತ್ತೇನೆ. ಮಹಿಳಾ ಸಂಘಗಳಿಗಾಗಿ ಇರುವ ಸಂಜೀವಿನಿ ಯೋಜನೆಯ ಪಂಚಸೂತ್ರದಲ್ಲಿ ಮೊದಲನೆಯದೇ ನಿಯಮಿತ ಸಭೆ. ಆದರೆ ಈಗ ಕೆಲವು ಕಡೆ ಉಳಿತಾಯದ ದುಡ್ಡು ಮಗನ ಫೋನಿನಿಂದ ಹೋಗುತ್ತದೆ, ಪುಸ್ತಕ ಮನೆಮನೆ ಸುತ್ತಿ ಸಹಿ ಹಾಕಿಸಿಕೊಂಡು ಬರುತ್ತದೆ. ಕಾಗದದ ಮೇಲೆ ಸಭೆ ನಡೆದಿದೆ. ಸರ್ಕಾರದ ಹಣ ಖಾತೆಗೆ ನೇರ ಜಮೆಯಾಗುವುದೂ ಒಳ್ಳೆಯದೇ, ನಡುವೆ ನುಂಗುವವರು ತಪ್ಪಿದರು. ಅದರ ಜೊತೆಗೆ ನಾಲ್ಕು ಜನ ಒಂದೆಡೆ ನಿಲ್ಲುವ ನೆಪವೊಂದೂ ತಪ್ಪಿತು. ಹಳ್ಳಿಯಲ್ಲಿ ದಿನಕ್ಕೆ ಎರಡು ಹೊತ್ತು ಜನ ಸೇರಲೇಬೇಕಾದ ಜಾಗವೆಂದರೆ ಈಗ ಹಾಲಿನ ಡೇರಿ. ಸಂಘಗಳ ಲೆಕ್ಕ ಬರೆಯುವ ಎಂಬಿಕೆಗಳಿಗೆ ಬಡ್ಡಿ ಲೆಕ್ಕ ಕಲಿಸುವ ತರಬೇತಿಯಲ್ಲೇ ಅರ್ಧ ದಿನ ತೆಗೆದು, ಅಳುವವರ ಮುಂದೆ ಸುಮ್ಮನೆ ಕೂರುವುದು ಹೇಗೆ, ಯಾವ ಮಾತು ಕೇಳಿಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂಬುದನ್ನು ಹೇಳಿಕೊಡಬಹುದು. ಡೇರಿಯ ಕಾರ್ಯದರ್ಶಿಗೂ ಅಷ್ಟೇ. ಅಲ್ಲಿ ಗಂಡಸರೂ ಬರುತ್ತಾರೆ. ಆ ಅರ್ಧ ಗಂಟೆಗೊಂದು ಕಲಂ ಮಾಡಿ ಎಂದು ಮಾತ್ರ ಕೇಳಲಾರೆ. ಕಲಂ ಬಂದರೆ ಅದನ್ನು ತುಂಬಲು ಗುರಿ ಬರುತ್ತದೆ, ಗುರಿ ಬಂದ ಮೇಲೆ ಸುಳ್ಳು ಬರುತ್ತದೆ.

ನಾನು ನೋಡಿದ ಆ ಸಂಘದಲ್ಲಿ ತಡವಾಗಿ ಬಂದವರಿಗೆ ಐದು ರೂಪಾಯಿ ದಂಡ. ಮುಂದಿನ ವಾರ ಆಕೆ ಬಂದದ್ದು ಮೂರೂ ಕಾಲಿಗೆ. ದಂಡ ಕೊಡು ಎಂದರು. ಮನೆಯಲ್ಲಿ ನೆಂಟರು ಬಂದಿದ್ದರು ಎಂದು ಆಕೆ ವಾದಿಸಿದಳು. ಯಾರೂ ಒಪ್ಪಲಿಲ್ಲ. ಗೊಣಗಿಕೊಂಡೇ ಸೆರಗಿನ ಗಂಟು ಬಿಚ್ಚಿ ಐದರ ನಾಣ್ಯ ಪೆಟ್ಟಿಗೆಗೆ ಹಾಕಿದಳು. ಹುಡುಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.