ಟೂನ್ ಮಾಡಿದ ತಪ್ಪೇನು?

ಜರ್ಮನ್ ಶಾಲೆಗಳಲ್ಲಿ ಹಳೆಯದೊಂದು ಮಾತಿದೆ: 'ಟೂನ್ ಟೂಟ್ ಮನ್ ನಿಶ್ಟ್'. ಟೂನ್ ಎಂದರೆ ಮಾಡು. ಇನ್ನೊಂದು ಕ್ರಿಯಾಪದದ ಪಕ್ಕದಲ್ಲಿ ಅದನ್ನು ಊರುಗೋಲಿನಂತೆ ಇಟ್ಟುಕೊಳ್ಳಬಾರದು ಎಂಬುದು ಈ ಮಾತಿನ ತಾತ್ಪರ್ಯ. 'ನಾನು ಓದುತ್ತೇನೆ' ಎನ್ನಬೇಕಾದಲ್ಲಿ 'ಇಶ್ ಟೂ ಲೇಜನ್', ಅಂದರೆ 'ನಾನು ಓದು ಮಾಡುತ್ತೇನೆ' ಎಂಬ ಧಾಟಿಯಲ್ಲಿ ಬರೆದ ಹುಡುಗನ ವಾಕ್ಯದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ತಮಾಷೆಯೆಂದರೆ, ಟೂನ್ ಬೇಡ ಎನ್ನುವ ಆ ಮಾತು ಕೂಡ ಟೂನ್ ಹಿಡಿದುಕೊಂಡೇ ನಿಂತಿದೆ, ಅದೂ ಊರುಗೋಲಾಗಿಯೇ.

ಇದನ್ನು ವ್ಯಾಕರಣ ಎಂದು ಕಲಿಸುತ್ತಾರೆ. ಇದು ವ್ಯಾಕರಣವಲ್ಲ, ಅಂತಸ್ತಿನ ಲೆಕ್ಕಾಚಾರ.

ನೆರೆಮನೆಗಳಲ್ಲಿ ಇದೇ ಪದದ ಸ್ಥಿತಿ ಏನು? ಇಂಗ್ಲಿಷಿನ 'ಡೂ', ಡಚ್ಚಿನ 'ಡೂನ್', ಜರ್ಮನ್ನಿನ 'ಟೂನ್' ಒಂದೇ ಬೇರಿನ ಚಿಗುರುಗಳು. ಇಂಗ್ಲಿಷಿನಲ್ಲಿ 'ಅವನು ಓದುತ್ತಾನೆಯೇ' ಎಂದು ಕೇಳಬೇಕಾದರೂ 'ಓದುವುದಿಲ್ಲ' ಎನ್ನಬೇಕಾದರೂ ಡೂ ಬರಲೇಬೇಕು. ಶೇಕ್ಸ್‌ಪಿಯರನ ಕಾಲದಲ್ಲಿ ಹಾಕಿದರೂ ನಡೆಯುತ್ತಿತ್ತು, ಬಿಟ್ಟರೂ ನಡೆಯುತ್ತಿತ್ತು. 1700ರ ಹೊತ್ತಿಗೆ ಕಡ್ಡಾಯದ ಹತ್ತಿರ ಬಂತು. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಅನಗತ್ಯವಾಗಿ ಡೂ ಸೇರಿಸುವುದು ಕೆಟ್ಟ ರೂಢಿ ಎಂದು ಮುಖ ಸಿಂಡರಿಸಿದ್ದ. ಆದರೆ ಪ್ರಶ್ನೆಯಿಂದ, ನಿಷೇಧದಿಂದ ಅದನ್ನು ಕಿತ್ತುಹಾಕಲು ಯಾರಿಂದಲೂ ಆಗಲಿಲ್ಲ. ಡಚ್ಚಿನಲ್ಲಿ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಡೂನ್ ಜೊತೆ ಇನ್ನೊಂದು ಕ್ರಿಯಾಪದ ಸೇರಿದರೆ 'ಮಾಡಿಸು' ಎಂಬ ಅರ್ಥ: ನೆನೆಯುವಂತೆ ಮಾಡು, ಊಹಿಸುವಂತೆ ಮಾಡು. ಅದು ಗಂಭೀರ ಬರವಣಿಗೆಯ ಗತ್ತು. ಅದೇ ದೇಶದ ದಕ್ಷಿಣದ ಹೇರ್ಲೆನ್ ಊರಿನವರು ಅದೇ ಜೋಡಣೆಯನ್ನು ದಿನನಿತ್ಯದ ವಾಡಿಕೆ ಹೇಳಲು ಬಳಸುತ್ತಾರೆ. ಸ್ವೀಡನ್ನಿನವರು ಈ ಕ್ರಿಯಾಪದವನ್ನೇ ಕಳೆದುಕೊಂಡು 'ಯೋರಾ' ಎಂಬ ಬೇರೆಯದನ್ನು ಇಟ್ಟುಕೊಂಡರು. ಆದರೂ ಒತ್ತು ಕೊಡಲು ಮುಖ್ಯ ಕ್ರಿಯಾಪದವನ್ನು ವಾಕ್ಯದ ಮುಂದಕ್ಕೆ ತಂದರೆ, ಖಾಲಿಯಾದ ಜಾಗಕ್ಕೆ ಯೋರಾ ಬಂದು ಕೂರುತ್ತದೆ.

ಒಂದು ಭಾಷೆಯಲ್ಲಿ ಕಡ್ಡಾಯ, ಇನ್ನೊಂದರಲ್ಲಿ ಗತ್ತು, ಮೂರನೆಯದರಲ್ಲಿ ದಡ್ಡತನ! ದೋಷ ಪದದ್ದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಟೂನ್ ವಿರೋಧಿಗಳ ಮುಖ್ಯ ವಾದ, ಅದು ಅರ್ಥವಿಲ್ಲದ ತುಂಬುಪದ ಎಂಬುದು. ಕನ್ನಡಿಗರಿಗೆ ಇದರ ಉತ್ತರ ಬಾಯಲ್ಲೇ ಇದೆ. 'ಓದೋದೇನೋ ಓದ್ತಾನೆ, ತಲೆಗೆ ಹತ್ತಬೇಕಲ್ಲ' ಎನ್ನುವಾಗ ಮೊದಲ 'ಓದೋದು' ವ್ಯರ್ಥವೇ? ಅದನ್ನು ತೆಗೆದರೆ ಮಾತಿನ ಕೊಂಕೇ ಹೋಗುತ್ತದೆ. ಜರ್ಮನ್ನಿನ 'ಲೇಜನ್ ಟೂಟ್ ಎರ್' ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಕ್ರಿಯಾಪದ ಹೀಗೆ ಮುಂದಕ್ಕೆ ಬಂದಾಗ ಟೂನ್ ಸರಿ ಎಂದು ಡೂಡನ್ ಕೂಡ ಒಪ್ಪುತ್ತದೆ. ಅದೇ ಎರಡು ಪದ ಜಾಗ ಅದಲುಬದಲು ಮಾಡಿಕೊಂಡ ಕೂಡಲೇ ಅಪರಾಧಿಗಳಾಗುತ್ತವೆ! ಇನ್ನು ಶ್ವಾಬಿಯಾ, ಬವೇರಿಯಾ ಕಡೆಯವರು 'ಬರುತ್ತಿದ್ದೆ' ಎಂಬ ಸಂಭಾವನೆಗೆ ಟೂನ್‌ನಿಂದ ಬಂದ 'ಟೇಟ್' ಬಳಸಿದರೆ ಹಳ್ಳಿಗಮಾರರು. 'ವ್ಯುರ್ಡೆ' ಎಂದರೆ ವಿದ್ಯಾವಂತರು. ಎರಡೂ ಸಹಾಯಕ ಪದಗಳೇ, ಎರಡರ ಕೆಲಸವೂ ಒಂದೇ.

ಗಯಟೆ 1808ರ 'ಫೌಸ್ಟ್' ಮೊದಲ ಭಾಗದಲ್ಲಿ, ಅದೂ ನಾಯಕನ ಆರಂಭದ ಸ್ವಗತದಲ್ಲೇ, ಈ ಟೂನ್ ಬಳಸಿದ್ದಾನೆ. ಛಂದಸ್ಸಿಗಾಗಿ ಎಂದು ಮೇಷ್ಟರುಗಳು ರಿಯಾಯಿತಿ ಕೊಡುತ್ತಾರೆ. ಕವಿಗಾದರೆ ರಿಯಾಯಿತಿ, ರೈತನ ಮಗನಿಗೆ ಕೆಂಪು ಗೆರೆ. ನಿಲ್ಸ್ ಲಾಂಗರ್ 2001ರಲ್ಲಿ ಹಳೆಯ ವ್ಯಾಕರಣಗಳನ್ನು ಜಾಲಾಡಿ ಈ ಕಳಂಕದ ಇತಿಹಾಸ ಬರೆದಿದ್ದಾರೆ. ಅದರಲ್ಲಿ ಕಾಣುವುದು ಇಷ್ಟು: ಎಲ್ಲೆಡೆ ಸಲೀಸಾಗಿ ಬಳಕೆಯಲ್ಲಿದ್ದ ರೂಪವನ್ನು ಪಂಡಿತರು ಮೊದಲು ಕಳಪೆ ಕವಿತೆಯ ಗುರುತೆಂದರು, 18ನೆಯ ಶತಮಾನದಲ್ಲಿ ಸಾಮಾನ್ಯರ ಭಾಷೆಯ ಗುರುತೆಂದರು. ಪದ ಬದಲಾಗಲಿಲ್ಲ, ಅದನ್ನು ಆಡುವವರ ಮೇಲಿನ ತಾತ್ಸಾರ ಬೆಳೆಯಿತು. ಇನ್ನೊಂದು ವ್ಯಂಗ್ಯವಿದೆ. 'ಹೇಳಿದೆ' ಎಂಬರ್ಥದ 'ಜಾಗ್ಟೆ'ಯ ಕೊನೆಯ 'ಟೆ' ಪ್ರತ್ಯಯ, ಹೆಚ್ಚು ಮನ್ನಣೆ ಪಡೆದ ವಾದದ ಪ್ರಕಾರ, 'ಮಾಡಿದೆ' ಎಂಬುದರ ಸವೆದ ರೂಪ. ಟೂನ್ ಬೇಡವೆಂದು ಮೇಷ್ಟರು 'ಹೇಳಿದಾಗ'ಲೆಲ್ಲ ಅವರ ಬಾಯಲ್ಲಿ ಟೂನ್ ಇರುತ್ತದೆ.

ಈ ತಾತ್ಸಾರ ಈಗ ಭಾರತಕ್ಕೂ ಬಂದಿದೆ, ಪಠ್ಯದ ಜೊತೆಗೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಜರ್ಮನ್ ಕಲಿಯುವವರಿಗೆ ಟೂನ್ ತಪ್ಪು ಎಂದಷ್ಟೇ ಹೇಳಿಕೊಡುತ್ತಾರೆ, ಯಾರ ದೃಷ್ಟಿಯಲ್ಲಿ ಎಂದು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಅದನ್ನು ಬರೆಯಬೇಡಿ ಎಂದರೆ ಸಾಕಿತ್ತು. ಅದು ಪ್ರಾಮಾಣಿಕ ಸಲಹೆ. 'ಅಶಿಕ್ಷಿತರ ಮಾತು' ಎಂದು ಹಣೆಪಟ್ಟಿ ಹಚ್ಚಿದರೆ ಅದರ ಫಲ ಬೇರೆ. ಇಲ್ಲಿಂದ ನರ್ಸ್ ಕೆಲಸಕ್ಕೆ ಹೋಗುವ ಹುಡುಗಿ ನಾಳೆ ಶ್ವಾಬಿಯಾದ ಆಸ್ಪತ್ರೆಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯ ಹಾಸಿಗೆಯ ಪಕ್ಕ ನಿಲ್ಲುತ್ತಾಳೆ. ರಾತ್ರಿಯೆಲ್ಲ ನಿದ್ದೆಯಿಲ್ಲ, ಕಾಲು ನೋಯುತ್ತದೆ ಎಂದು ಆ ಅಜ್ಜಿ ಹೇಳಿಕೊಳ್ಳುವುದು ತನ್ನ ತಾಯಿಯಿಂದ ಬಂದ ಟೂನ್‌ನಲ್ಲೇ.