ನೀಲಕಂಠ ಕಾಣುತ್ತಿರುವಾಗಲೇ ಎಣಿಸಿ



ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಹೊಲದಂಚಿನ ಕರೆಂಟು ತಂತಿಯ ಮೇಲೆ ಕೂತು ಮಿಡತೆ, ಜೀರುಂಡೆಗಳಿಗೆ ಕಾಯುವ ಈ ಹಕ್ಕಿಯನ್ನು ನೋಡದ ರೈತರಿಲ್ಲ. ಕಾಣುತ್ತದೆ ಎಂಬ ಕಾರಣಕ್ಕೇ ಅದರ ಗೊಡವೆಗೆ ಯಾರೂ ಹೋಗುತ್ತಿಲ್ಲ. ಆದರೆ 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು 942 ಜಾತಿಗಳನ್ನು ಪರಿಶೀಲಿಸಿ, ಶೇ 30ರಷ್ಟು ಅಥವಾ ಅದಕ್ಕೂ ಹೆಚ್ಚು ಕುಸಿದಿರುವ 14 ಜಾತಿಗಳ ಅಳಿವಿನ ಅಪಾಯವನ್ನು ಮತ್ತೆ ಅಳೆಯಬೇಕೆಂದು ಹೇಳಿತು. ಆ ಹದಿನಾಲ್ಕರಲ್ಲಿ ನಮ್ಮ ನೀಲಕಂಠವೂ ಒಂದು. ಆಗ ಜೀವಿಗಳ ಅಳಿವಿನ ಅಪಾಯ ತಿಳಿಸುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಅದಕ್ಕೆ ಚಿಂತೆಯಿಲ್ಲ ಎಂದೇ ಬರೆದಿತ್ತು.

‘ಸಾವಿರಾರು ಇವೆಯಲ್ಲ, ಅಪಾಯ ಎಲ್ಲಿಂದ ಬಂತು?’ ಎಂದು ಕೇಳುವವರಿದ್ದಾರೆ. ಕೆಂಪು ಪಟ್ಟಿ ತಯಾರಿಸುವವರು ಉಳಿದಿರುವ ಹಕ್ಕಿಗಳ ಲೆಕ್ಕವನ್ನಷ್ಟೇ ನೋಡುವುದಿಲ್ಲ, ಅವು ಎಷ್ಟು ಬೇಗ ಕರಗುತ್ತಿವೆ ಎಂಬುದನ್ನೂ ನೋಡುತ್ತಾರೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಶೇ 80ರಷ್ಟು ಕುಸಿದ ಜಾತಿ, ಲಕ್ಷಗಟ್ಟಲೆ ಉಳಿದಿದ್ದರೂ, ತೀವ್ರ ಅಪಾಯದ ದರ್ಜೆಗೆ ಸೇರಬಲ್ಲದು.

ರಣಹದ್ದುಗಳ ಕಥೆ ನೆನಪಿಸಿಕೊಳ್ಳಿ. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದನ್ನು ಅಳಿವಿನಂಚಿನದು ಎಂದಿದ್ದರೆ ಜನ ನಗುತ್ತಿದ್ದರು; ಸತ್ತ ದನ ಬಿದ್ದಲ್ಲೆಲ್ಲ ಅವುಗಳ ಹಿಂಡು ಇಳಿಯುತ್ತಿತ್ತು. 1991–93ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ರಸ್ತೆಗುಂಟ ಸಾಗಿ ಬೇಟೆಹಕ್ಕಿಗಳನ್ನು ಎಣಿಸಿದ್ದರು. 2000ದಲ್ಲಿ ಅದೇ ಎಣಿಕೆ ಮತ್ತೆ ನಡೆದಾಗ ಶೇ 90ಕ್ಕಿಂತ ಹೆಚ್ಚು ರಣಹದ್ದುಗಳು ಇಲ್ಲವಾಗಿದ್ದವು. ಹಳೆಯ ಲೆಕ್ಕ ಇದ್ದುದರಿಂದಲೇ ಕುಸಿತ ಸಾಬೀತಾಯಿತು. ಅದೇ ವರ್ಷ ಬಿಳಿಬೆನ್ನಿನ ರಣಹದ್ದು ತೀವ್ರ ಅಪಾಯದ ಪಟ್ಟಿ ಸೇರಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದೇ ಕಾರಣವೆಂಬ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಗಳಿಗೆ ಆ ಮದ್ದನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ಸಾವಿರ ರಣಹದ್ದಿಗೆ ಒಂದರಂತೆ ಉಳಿದಿತ್ತು. ಎಣಿಸಿದವರೇ ಇಲ್ಲದಿದ್ದರೆ ಅದೂ ಉಳಿಯುತ್ತಿತ್ತೇ?

ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿರುವ ಎರ್ಲಡ್ಡು ಹಕ್ಕಿಯ ರಕ್ಷಣೆಗೆ ಇಡುವ ಹಣವನ್ನು ಕಡಿತ ಮಾಡಿ ಎಂದು ನಾವು ಖಂಡಿತ ಹೇಳುತ್ತಿಲ್ಲ. ಅದಕ್ಕೆ ಇನ್ನೂ ಹೆಚ್ಚು ಬೇಕು. ಆದರೆ ಸಾಮಾನ್ಯ ಹಕ್ಕಿಗಳೂ ಆ ಸ್ಥಿತಿಗೆ ಬರುವವರೆಗೆ ಕಾಯುವುದು ಅನ್ಯಾಯ, ದುಬಾರಿ ಕೂಡ.

ಎಣಿಕೆಗೆ ದೊಡ್ಡ ಪರಿಣತಿ ಬೇಡ. ಮೈಸೂರಿನ ಹಕ್ಕಿಪ್ರಿಯರು 2014ರಿಂದ 2016ರವರೆಗೆ ತಮ್ಮ ನಗರವನ್ನು ಚೌಕಗಳಾಗಿ ವಿಂಗಡಿಸಿ ಹಕ್ಕಿ ನಕಾಶೆ ಮಾಡಿದರು. ಊರ ಹೈಸ್ಕೂಲು ಮಕ್ಕಳು ಮತ್ತು ಮೇಷ್ಟ್ರು ಸೇರಿದರೆ ಸಾಕು. ಪ್ರತಿವರ್ಷ ಅದೇ ದಾರಿ, ಅದೇ ತಿಂಗಳು, ಬೆಳಗಿನ ಹದಿನೈದು ನಿಮಿಷ. ಕಂಡ ಹಕ್ಕಿಗಳ ಹೆಸರು ಮತ್ತು ಸಂಖ್ಯೆ. ನೀಲಕಂಠ ಕಾಣದ ದಿನ ಸೊನ್ನೆ ಎಂದು ಬರೆಯಲೇಬೇಕು, ಆ ಸೊನ್ನೆಗೂ ಬೆಲೆಯಿದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾಖಲಾತಿ ಪುಸ್ತಕವನ್ನು ತೋರಿಸಲು ಹೇಳಿ. ಪ್ರತಿವರ್ಷದ ಹಕ್ಕಿ ಎಣಿಕೆ ಅದರಲ್ಲಿ ಸೇರಬೇಕು, ಪೊಟರೆಯಿರುವ ಹಳೆಯ ಮರ ಕಡಿಯುವ ಮುನ್ನ ಮತ್ತು ಹುಲ್ಲುಗಾವಲನ್ನು ಬೀಳು ಎಂದು ಬೇರೆಯವರಿಗೆ ಕೊಡುವ ಮುನ್ನ ಆ ಲೆಕ್ಕವನ್ನು ಸಭೆಯಲ್ಲಿ ಓದಬೇಕು ಎಂಬ ಠರಾವು ಮಾಡಿಸಿ.