ಕೆಲಸ ತಂದ ಕಾಯಿಲೆ: ವೈದ್ಯರು ಬರೆದು ತಿಳಿಸಲೇಬೇಕೆ?

ಹೋಟೆಲು, ಅಂಗಡಿಗಳಲ್ಲಿ ದುಡಿಯುವವರಿಗೆ ಕೆಲಸದಿಂದಲೇ ಬಂದ ಕಾಯಿಲೆಯನ್ನು, ಚಿಕಿತ್ಸೆ ಕೊಡುವ ವೈದ್ಯರು ಸರ್ಕಾರಕ್ಕೆ ವರದಿ ಮಾಡುವುದು ಅತಿ ಸಣ್ಣ ಅಂಗಡಿಯ ತನಕವೂ ಕಡ್ಡಾಯವಾಗಬೇಕೆ? ಹೈದರಾಬಾದಿನ ಅಬಿಡ್ಸ್ ಬೀದಿಗಳನ್ನು ಕಣ್ಣ ಮುಂದಿಟ್ಟುಕೊಂಡು ಇಬ್ಬರು ಬರೆದಿದ್ದಾರೆ.

ಪರ: ಎಣಿಸದ ಕಾಯಿಲೆಗೆ ಮದ್ದೂ ಇಲ್ಲ, ಪರಿಹಾರವೂ ಇಲ್ಲ

ಅಬಿಡ್ಸ್‌ನ ಯಾವುದಾದರೂ ಟಿಫಿನ್ ಸೆಂಟರಿನ ಹಿಂಬದಿಗೆ ಹೋಗಿ, ಪಾತ್ರೆ ತೊಳೆಯುವವನ ಕೈ ನೋಡಿ. ಬೆರಳ ಸಂದು ನೆನೆದು ಬೆಳ್ಳಗಾಗಿರುತ್ತದೆ, ಉಗುರಿನ ಬುಡ ಕೆಂಪಗೆ ಊದಿರುತ್ತದೆ, ಅಂಗೈಯ ಗೆರೆಗಳು ಸೀಳಿ ಸೋಪಿನ ನೀರು ತಾಗಿದಾಗಲೆಲ್ಲ ಉರಿಯುತ್ತವೆ. ಅವನು ಕ್ಲಿನಿಕ್ಕಿಗೆ ಹೋದರೆ ಒಂದು ಮುಲಾಮು ಸಿಗುತ್ತದೆ, ನೀರಲ್ಲಿ ಕೈ ಇಡಬೇಡ ಎಂಬ ಬುದ್ಧಿಮಾತೂ ಸಿಗುತ್ತದೆ. ನೀರಲ್ಲಿ ಕೈ ಇಡುವುದೇ ಅವನ ಹೊಟ್ಟೆಪಾಡು ಎಂಬುದು ಮಾತ್ರ ಚೀಟಿಯಲ್ಲಿ ಎಲ್ಲೂ ಬರುವುದಿಲ್ಲ. ಇದೇ ಕೈ ರಾಸಾಯನಿಕ ಕಾರ್ಖಾನೆಯ ಕಾರ್ಮಿಕನದಾಗಿದ್ದರೆ, 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಮಿನಂತೆ ವೈದ್ಯರು ಮುಖ್ಯ ಇನ್‌ಸ್ಪೆಕ್ಟರರಿಗೆ ಬರೆದು ತಿಳಿಸಬೇಕಿತ್ತು. ಆ ಕಾಯ್ದೆ ಪಟ್ಟಿ ಮಾಡಿದ 29 ಕಾಯಿಲೆಗಳಲ್ಲಿ ರಾಸಾಯನಿಕ ತಾಗಿ ಬರುವ ಚರ್ಮರೋಗವೂ ಒಂದು. ಆದರೆ ಕಾರ್ಖಾನೆ ಎಂದರೆ ಯಾವುದು ಎಂದು ಹೇಳುವಾಗ ಅದೇ ಕಾಯ್ದೆ ಹೋಟೆಲು, ಊಟದ ಮನೆಗಳನ್ನು ಹೆಸರು ಹಿಡಿದೇ ಹೊರಗಿಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ಬಾಗಿಲನ್ನು ಅರ್ಧ ತೆರೆದಿದೆ. ಹತ್ತು ಮಂದಿ ದುಡಿಯುವ ಜಾಗವಾದರೆ ಸಾಕು, ಅಲ್ಲಿನ ಕಾಯಿಲೆಯನ್ನು ತಿಳಿಸಬೇಕು. ಒಂಬತ್ತೇ ಮಂದಿ ಇದ್ದರೆ? ಅವರ ಕೈಗೆ ಹಳೆಯ ಗತಿಯೇ. ಪಟ್ಟಿಯಂತೂ ಇನ್ನೂ ಸೀಸ, ಪಾದರಸ, ಬೆಂಜೀನ್ ಎಂದು ಕಾರ್ಖಾನೆಯ ಭಾಷೆಯಲ್ಲೇ ಮಾತಾಡುತ್ತದೆ. ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವಳ ಮೀನಖಂಡದಲ್ಲಿ ಉಬ್ಬಿ ಗಂಟಾದ ನರಕ್ಕೆ ಅದರಲ್ಲಿ ಜಾಗವಿಲ್ಲ.

ಎಣಿಸಿದರೆ ಏನಾಗುತ್ತದೆ ಎಂದು ತಿಳಿಯಲು ನಾವು ಕನ್ನಡಿಗರು ದೂರ ಹೋಗಬೇಕಿಲ್ಲ, ನಮ್ಮ ಕೋಲಾರದ ಚಿನ್ನದ ಗಣಿಯೇ ಇದೆ. ಅಲ್ಲಿ 1880ರ ದಶಕದಿಂದ ಆಳದ ಕಲ್ಲು ಕೊರೆದರು. ಕೊರೆದವರ ಎದೆಯೊಳಗೆ ಕಲ್ಲಿನ ಧೂಳು ಕೂತಿತು. ಅರ್ಧ ಶತಮಾನದ ನಂತರ, 1934ರಲ್ಲಿ, ಇದು ಸಿಲಿಕೋಸಿಸ್ ಎಂದು ವೈದ್ಯರು ಬರೆದು ಪ್ರಕಟಿಸಿದರು. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದು ಈ ಕಾಯಿಲೆಯನ್ನು ಪರಿಹಾರದ ವ್ಯಾಪ್ತಿಗೆ ಸೇರಿಸಿತು. ಆಮೇಲಿನ ಆರೇಳು ವರ್ಷಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಸಿಕ್ಕಿತು. ಧೂಳು 1940ರಲ್ಲಿ ಹುಟ್ಟಿದ್ದಲ್ಲ, ಲೆಕ್ಕ ಹುಟ್ಟಿದ್ದು ಆಗ. ರಾಜಸ್ಥಾನದ ಕಲ್ಲುಗಣಿಗಳಲ್ಲೂ ಇದೇ ಆಯಿತು. ಕಲ್ಲು ಒಡೆಯುವವರ ಕೆಮ್ಮಿಗೆ ವರ್ಷಗಟ್ಟಲೆ ಕ್ಷಯದ ಗುಳಿಗೆ ಕೊಡುತ್ತಿದ್ದರು. ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ ರೂಪಾಯಿ ಕೊಡುವ ನೀತಿಯನ್ನು ಅಲ್ಲಿನ ಸರ್ಕಾರ 2019ರಲ್ಲಿ ತಂದಿತು. ಆಮೇಲೆ ಸಿಲಿಕೋಸಿಸ್ ಎಂಬ ಹೆಸರಿನಲ್ಲೇ ಸಾವಿರಾರು ಮಂದಿ ದಾಖಲಾದರು.

ಕಾಗದದ ಮೇಲಿನ ಹೆಸರು ಬದಲಾದರೆ ಬಡವನಿಗೇನು ಎಂದು ಕೇಳುವವರು ಕಾರ್ಮಿಕರ ವಿಮೆಯಾದ ಇಎಸ್‌ಐ ನಿಯಮ ಓದಲಿ. ಸಾಮಾನ್ಯ ಕಾಯಿಲೆ ಎಂದು ಬರೆದರೆ ರಜೆಯ ದಿನಗಳಿಗೆ ಸಂಬಳದ ಶೇಕಡ 70, ಅದೂ ವರ್ಷಕ್ಕೆ 91 ದಿನ ಮಾತ್ರ. ಕೆಲಸದಿಂದ ಬಂದದ್ದು ಎಂದು ಒಪ್ಪಿದರೆ ಶೇಕಡ 90, ವಾಸಿಯಾಗುವ ತನಕ; ಅಂಗ ಸ್ವಾಧೀನ ತಪ್ಪಿದರೆ ಜೀವಮಾನದ ಪಿಂಚಣಿ. ವೈದ್ಯರು ಬರೆಯುವ ಒಂದು ಸಾಲಿಗೆ ಇಷ್ಟು ಬೆಲೆಯಿದೆ. ಆ ಸಾಲು ಬರೆಯಲು ಪುರುಸೊತ್ತಿಲ್ಲ ಎಂಬ ಮಾತನ್ನು ಕ್ಷಯರೋಗವೇ ಸುಳ್ಳು ಮಾಡಿದೆ. 2012ರ ಮೇ 7ರಿಂದ ಖಾಸಗಿ ವೈದ್ಯರೂ ಪ್ರತಿಯೊಬ್ಬ ಕ್ಷಯ ರೋಗಿಯ ವಿವರವನ್ನು ಸರ್ಕಾರಕ್ಕೆ ಕೊಡಬೇಕು. ಮೊದಮೊದಲು ಗೊಣಗಿದರು, ಈಗ ನಿಕ್ಷಯ್ ಪೋರ್ಟಲಿನಲ್ಲಿ ಬರೆಯುತ್ತಿದ್ದಾರೆ. ರೋಗಿಯ ಖಾತೆಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ, ಈಗ 1,000 ಬರುತ್ತಿದೆ. ಕ್ಷಯಕ್ಕೆ ಸಿಕ್ಕ ಪುರುಸೊತ್ತು ಕೈಹುಣ್ಣಿಗೂ ಸಿಗಬೇಕು.

ಕೆಲಸ ಹೋಗುತ್ತದೆಂಬ ಭಯವನ್ನು ಎತ್ತುವವರಿದ್ದಾರೆ. ವರದಿಯೇ ಇಲ್ಲದ ಇವತ್ತು ಏನಾಗುತ್ತಿದೆ? ಕೈ ಕೊಳೆತವನಿಗೆ, ಬೆನ್ನುನೋವು ಬಂದವನಿಗೆ ‘ಊರಿಗೆ ಹೋಗಿ ಸುಧಾರಿಸಿಕೊಂಡು ಬಾ’ ಎನ್ನುತ್ತಾರೆ. ಅವನು ಕಾಚಿಗುಡದಲ್ಲಿ ರೈಲು ಹತ್ತುತ್ತಾನೆ. ಕಾಯಿಲೆ ಸೇಡಂಗೋ ಬೈಂದೂರಿಗೋ ಹೋಗಿ ಮನೆಯವರ ಸಾಲವಾಗುತ್ತದೆ, ಅಬಿಡ್ಸ್‌ನ ಲೆಕ್ಕ ಚೊಕ್ಕವಾಗಿ ಉಳಿಯುತ್ತದೆ. ಅದಕ್ಕೇ ಕಾನೂನು ‘ದುಡಿಯುತ್ತಿರುವ ಅಥವಾ ದುಡಿದಿದ್ದ’ ವ್ಯಕ್ತಿ ಎಂದು ಹೇಳಿರುವುದು. ಸೇಡಂನ ವೈದ್ಯರೂ ಕೇಳಲಿ, ಎಲ್ಲಿ ಏನು ಕೆಲಸ ಮಾಡ್ತಿದ್ದೆಯಪ್ಪಾ ಎಂದು. 2025ರ ಜೂನ್ 30ರಂದು ಹೈದರಾಬಾದ್ ಬಳಿಯ ಪಾಶಮೈಲಾರಂನ ಔಷಧ ಕಾರ್ಖಾನೆ ಸ್ಫೋಟಿಸಿ ನಲವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತಾಗ ದೇಶವೇ ತಿರುಗಿ ನೋಡಿತು, ಪರಿಹಾರವೂ ಘೋಷಣೆಯಾಯಿತು. ಹತ್ತು ವರ್ಷ ಸವೆದು ಸಾಯುವವನ ಕಡೆ ತಿರುಗಿ ನೋಡಿಸಬಲ್ಲದ್ದು ಈ ವರದಿಯೊಂದೇ.

ವಿರೋಧ: ವರದಿಗಿಂತ ಮೊದಲು ಮದ್ದು ಸಿಗಲಿ

ಕೋಲಾರದ ಉದಾಹರಣೆ ದೊಡ್ಡದು, ಆದರೆ ಅಬಿಡ್ಸ್‌ಗೆ ಹೊಂದುವುದಿಲ್ಲ. ಅಲ್ಲಿ ಗೊತ್ತಿರುವ ಮಾಲೀಕರು, ಗಣಿಯದೇ ಆಸ್ಪತ್ರೆ, ಎಕ್ಸ್-ರೇ ಯಂತ್ರ, ವರ್ಷಾನುಗಟ್ಟಲೆ ಅದೇ ಸುರಂಗಕ್ಕೆ ಇಳಿದ ಕಾರ್ಮಿಕ, ಸಂಶಯಕ್ಕೆ ಎಡೆಯಿಲ್ಲದ ಒಂದೇ ಧೂಳು ಇದ್ದವು. ಇಲ್ಲಿ ಪಾತ್ರೆ ತೊಳೆಯುವ ಹುಡುಗ ಮೂರು ತಿಂಗಳಿಗೊಮ್ಮೆ ಹೋಟೆಲು ಬದಲಿಸುತ್ತಾನೆ, ಕೋಣೆಗೆ ಹೋಗಿ ಬಟ್ಟೆಯನ್ನೂ ಅದೇ ಸೋಪಿನಲ್ಲಿ ಒಗೆಯುತ್ತಾನೆ. ಸೀರೆ ಅಂಗಡಿಯವಳ ಕಾಲಿನ ನರಕ್ಕೆ ನಿಂತು ಮಾಡುವ ಕೆಲಸ ಎಷ್ಟು ಕಾರಣ, ಹೆರಿಗೆಗಳು ಎಷ್ಟು, ಮನೆತನದಿಂದ ಬಂದದ್ದು ಎಷ್ಟು ಎಂದು ಐದು ನಿಮಿಷದಲ್ಲಿ ಯಾವ ವೈದ್ಯರೂ ಹೇಳಲಾರರು. ಕ್ಷಯಕ್ಕೆ ಕಫದ ಪರೀಕ್ಷೆಯಿದೆ, ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣುತ್ತದೆ. ಬೆನ್ನುನೋವಿಗೆ ಅಂಥ ಪರೀಕ್ಷೆ ಇಲ್ಲ. ತಪ್ಪಿದರೆ ದಂಡ ಎಂದರೆ ವೈದ್ಯರು ಎಲ್ಲವನ್ನೂ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇಲ್ಲವೇ ಕೆಲಸದ ವಿಷಯ ಕೇಳುವುದನ್ನೇ ಬಿಡುತ್ತಾರೆ. ಎರಡರಿಂದಲೂ ಲೆಕ್ಕ ಕೆಡುತ್ತದೆ.

ರೋಗಿಯ ಗುಟ್ಟಿನ ಮಾತೂ ಇದೆ. ತನ್ನ ಚರ್ಮರೋಗ ಸರ್ಕಾರಿ ಕಡತಕ್ಕೆ, ಅಲ್ಲಿಂದ ಮಾಲೀಕನ ಮೇಜಿಗೆ ಹೋಗುತ್ತದೆ ಎಂದು ಗೊತ್ತಾದ ಅಡಿಗೆಯವನು ವೈದ್ಯರ ಹತ್ತಿರ ಹೋಗದೆ ಔಷಧ ಅಂಗಡಿಯ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಾನೆ. ಅಡಿಗೆಮನೆಯಲ್ಲಿ ಚರ್ಮರೋಗ ಎಂದರೆ ಗಿರಾಕಿಯೂ ಹೆದರುತ್ತಾನೆ, ಅದನ್ನು ನಾವು ಮರೆಯಬಾರದು. ಸಣ್ಣ ಹೋಟೆಲಿನವರ ಕಷ್ಟವನ್ನೂ ಹೇಳಬೇಕು. ಕರಾವಳಿಯಿಂದ ಈ ಊರಿಗೆ ಬಂದು ಹೋಟೆಲು ನಡೆಸುವವರಲ್ಲಿ ಪಾತ್ರೆ ತೊಳೆದೇ ಮೇಲೆ ಬಂದವರಿದ್ದಾರೆ. ಎಂಟು ಜನರ ಹೋಟೆಲಿಗೆ ಇನ್ನೊಂದು ಇಲಾಖೆಯ ಭೇಟಿ ಎಂದರೆ ಇನ್ನೊಂದು ಖರ್ಚು.

ನನ್ನ ಮುಖ್ಯ ಆಕ್ಷೇಪ ಚಿಕಿತ್ಸೆಯ ಬಗ್ಗೆ. 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇಎಸ್‌ಐ ಇದೆ, ನಿಜ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಅದೂ ಕಡ್ಡಾಯವಲ್ಲ. ಅಂಥವರ ಕಾಯಿಲೆ ವರದಿಯಾದರೂ ಶೇಕಡ 90 ಕೊಡುವವರು ಯಾರು? ಕಾರ್ಡು ಇದ್ದವರು ನಾಂಪಲ್ಲಿಯಲ್ಲಿ ಮೆಟ್ರೋ ಹತ್ತಿದರೆ ಇಎಸ್‌ಐ ಆಸ್ಪತ್ರೆ ಎಂಬ ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು, ದಾರಿ ಸಲೀಸು. ಆದರೆ ಹೊರರೋಗಿ ವಿಭಾಗದ ಬೆಳಗಿನ ಹೊತ್ತು, ಇಡ್ಲಿ-ದೋಸೆಗೆ ಜನ ಮುಗಿಬೀಳುವ ಹೊತ್ತೂ ಅದೇ. ಆ ಆಸ್ಪತ್ರೆಯಿರುವ ಸನತ್‌ನಗರಕ್ಕೆ ಹೋದರೆ ಅಂದಿನ ಕೂಲಿ ಹೋಯಿತು. ಔಷಧ ಖರೀದಿಯ ಹಗರಣದಲ್ಲಿ 2019ರಲ್ಲಿ ತೆಲಂಗಾಣದ ವಿಮಾ ವೈದ್ಯಕೀಯ ಸೇವೆಯ ಹಿರಿಯ ಅಧಿಕಾರಿಗಳನ್ನೇ ಎಸಿಬಿ ಬಂಧಿಸಿತ್ತು. ಕೊಡುವ ಕೈಯನ್ನು ಸರಿಪಡಿಸದೆ ಬರೆಯುವ ಕೈಯನ್ನು ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಎದುರು ಪಕ್ಷದವರ ಉದಾಹರಣೆಗಳನ್ನೇ ನೋಡಿ. ಮೈಸೂರು ನಿಯಮದಲ್ಲಿ ಪರಿಹಾರವಿತ್ತು, ರಾಜಸ್ಥಾನದಲ್ಲಿ 3 ಲಕ್ಷವಿತ್ತು, ಕ್ಷಯಕ್ಕೆ ಗುಳಿಗೆ ಪುಕ್ಕಟೆ. ಎಲ್ಲ ಕಡೆಯೂ ವರದಿಯ ಜೊತೆಗೇ ಏನಾದರೊಂದು ರೋಗಿಯ ಕೈಗೆ ಬಂದಿದೆ.

ಅಬಿಡ್ಸ್‌ನ ಎಂಟು ಜನರ ಹೋಟೆಲಿಗೂ ಹಾಗೆ ಬರುವುದಾದರೆ ನನ್ನ ವಿರೋಧದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂದು ಒಪ್ಪುತ್ತೇನೆ. ಹೆಸರು ಹೇಳದ ಎಣಿಕೆ, ಅಂದರೆ ಈ ತಿಂಗಳು ಇಂಥ ಬೀದಿಯ ಅಡಿಗೆಮನೆಗಳಿಂದ ಇಷ್ಟು ಕೈಹುಣ್ಣು, ಇಷ್ಟು ಸುಟ್ಟಗಾಯ ಎಂಬ ಲೆಕ್ಕ, ಇವತ್ತೇ ಶುರುವಾಗಲಿ. ಚೀಟಿಯಲ್ಲಿ ವಯಸ್ಸಿನ ಪಕ್ಕ ‘ಕೆಲಸ’ ಎಂದು ಒಂದು ಗೆರೆ ಬರೆಯಲು ಯಾವ ವೈದ್ಯರೂ ಬೇಡ ಎನ್ನಬಾರದು. ಹೆಸರು, ವಿಳಾಸ ಹಾಕಿ, ದಂಡದ ಹೆದರಿಕೆ ತೋರಿಸಿ ಬರೆಸುವ ವರದಿ ಮಾತ್ರ, ಸಂಜೆ ಕೆಲಸ ಮುಗಿಸಿ ಬಂದವನಿಗೂ ಬಾಗಿಲು ತೆರೆದಿರುವ ಒಂದು ಇಎಸ್‌ಐ ದವಾಖಾನೆ ಅಬಿಡ್ಸ್‌ನಲ್ಲಿ ಶುರುವಾಗುವ ತನಕ ಕಾಯಲಿ.